ಸ್ಟೇಟ್ ಗೋಲ್ಡ್ ಅದ, ಪ್ರೊ ಬಾಕ್ಸಿಂಗ್‌ಗಿ ಅಷ್ಟು ಸಾಕಾ?

ಸೇಡಂರೋಡ್_ಮಾಮಾ:
ಎಲ್ಲರಿಗೂ ಶರಣು. ನಮ್ಮ ಅಕ್ಕನ ಮಗ 63.5 ಕಿಲೋದಾಗ ಆಡ್ತಾನ. ಸ್ಟೇಟ್‌ನಾಗ ಗೋಲ್ಡ್ ಅದ, ಇಂಟರ್ ಯೂನಿವರ್ಸಿಟಿದಾಗ ಕಂಚು ಅದ. ಚಂದ್ರಶೇಖರ ಪಾಟೀಲ ಸ್ಟೇಡಿಯಂಗ ಮುಂಜಾನಿ ವಾಕಿಂಗ್ ಬರೋರು ಅವನಿಗಿ ನೋಡಿರ್ತೀರಿ, ಕಲಬುರಗಿ ಬ್ಯಾಸಿಗಿದಾಗ ಭೀ ರೇನ್‌ಕೋಟ್ ಹಾಕ್ಕೊಂಡು ಓಡೋ ಹುಡುಗ ಅಂವನೇ.

ಈಗ ದಿಲ್ಲಿ ಕಡಿಂದ ಫೈಟ್ ಮಾಡ್ಸೋರೊಬ್ರು ಫೋನ್ ಮಾಡ್ಯಾರ. ಪ್ರೊ ಆಗು, ಅಂದ್ರ ರೊಕ್ಕಕ್ಕ ಆಡು, ಮೂರು ವರ್ಷದ ಅಗ್ರಿಮೆಂಟ್, ಮೊದಲನೇದು ನಾಲ್ಕು ರೌಂಡಿನ ಫೈಟ್ ಅಂತ. ಇಲ್ಲಿ ನೋಡಿದ್ರ ಪೊಲೀಸ್ ಭರ್ತಿ ಎದುರಿಗದ. ಸ್ಪೋರ್ಟ್ಸ್ ಕೋಟಾದಾಗ ಆಗೇ ಆಗ್ತದ ಅಂತ ಅವನ ಕೋಚ್ ಅಂತಾರ. ಇಂವ ಭರ್ತಿ ಬ್ಯಾಡ, ಪ್ರೊ ಆಗ್ತೀನಿ ಅಂತ ಕುಂತಾನ. ಅಕ್ಕ ಅಳ್ಲಿಕತ್ತಾಳ. ನಾನು ಕ್ರಿಕೆಟ್ ಬಿಟ್ರ ಏನೂ ತಿಳೀದಂವ. ಅಮೆಚೂರ್‌ದಾಗ, ಅಂದ್ರ ಪದಕಕ್ಕ ಆಡೋ ಆಟದಾಗ, ಇಷ್ಟು ಗೆದ್ದಂವ ಪ್ರೊದಾಗ ಭೀ ಗೆಲ್ತಾನ ಅಂತ ಹೇಳ್ಲಿಕ್ಕ ಬರ್ತದೇನು? ತಿಳದವರು ಹೇಳ್ರಿ.

ನಾಕೌಟ್_ಶಹಾಬಾದ್:
ಇದರಾಗ ಕೇಳೋದೇನದ ಮಾಮಾ. ಮಹಮ್ಮದ್ ಅಲಿ 1960ರ ರೋಮ್ ಚಿನ್ನ. ಜೋ ಫ್ರೇಜಿಯರ್ 1964 ಟೋಕಿಯೊ. ಜಾರ್ಜ್ ಫೋರ್‌ಮನ್ 1968 ಮೆಕ್ಸಿಕೊ. ಶುಗರ್ ರೇ ಲೆನಾರ್ಡ್ 1976. ಲೆನಾಕ್ಸ್ ಲೂಯಿಸ್ 1988. ಈಗಿನ ಉಸಿಕ್, ಜೋಶುವಾ ಇಬ್ರೂ 2012ರ ಲಂಡನ್ ಚಿನ್ನದವರು. ಅಮೆಚೂರ್‌ದಾಗ ಗಟ್ಟಿ ಇದ್ದಂವ ಎಲ್ಲಿ ಹೋದ್ರೂ ಗಟ್ಟಿ. ಕಳಿಸ್ರಿ ಹುಡುಗನ್ನ. ಪೊಲೀಸ್ ಆಗೋರು ಸಾವಿರ ಮಂದಿ ಅದಾರ.

ಯಾದಗಿರಿ_ಲೆಕ್ಕದ_ಮೇಷ್ಟ್ರು:
ಶಹಾಬಾದಿನವರು ಚಾಂಪಿಯನ್ನರಿಂದ ಹಿಂದಕ್ಕೆ ಎಣಿಸುತ್ತಿದ್ದಾರೆ. ಹಾಗೆ ಎಣಿಸಿದರೆ ಅವರು ಹೆಸರಿಸಿದ ಪ್ರತಿ ಚಾಂಪಿಯನ್ನನ ಕೊರಳಲ್ಲೂ ಒಂದು ಪದಕ ಕಾಣುತ್ತದೆ. ಮಾಮಾ ಅವರಿಗೆ ಬೇಕಾದದ್ದು ಪದಕ ಗೆದ್ದವರಿಂದ ಮುಂದಕ್ಕೆ ಎಣಿಸುವ ಲೆಕ್ಕ.

ಅದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ 1984ರ ಲಾಸ್ ಏಂಜಲೀಸ್. ಸೋವಿಯತ್ ಒಕ್ಕೂಟ, ಕ್ಯೂಬಾ ಎರಡೂ ಬಹಿಷ್ಕರಿಸಿದ್ದ ಒಲಿಂಪಿಕ್ಸ್. ಅಮೆರಿಕದ ಬಾಕ್ಸರ್‌ಗಳು 9 ಚಿನ್ನ, 1 ಬೆಳ್ಳಿ, 1 ಕಂಚು ಬಾಚಿಕೊಂಡರು. ಒಂದೇ ದೇಶ, ಒಂದೇ ವರ್ಷ, ಎಲ್ಲರಿಗೂ ಊರ ತುಂಬ ಹೆಸರು. ಮುಂದೇನಾಯಿತು ನೋಡಿ. ಚಿನ್ನ ಗೆದ್ದ ಒಂಬತ್ತು ಮಂದಿಯಲ್ಲಿ ಪರ್ನೆಲ್ ವಿಟೇಕರ್, ಮೆಲ್ಡ್ರಿಕ್ ಟೇಲರ್, ಮಾರ್ಕ್ ಬ್ರೀಲೆಂಡ್, ಫ್ರಾಂಕ್ ಟೇಟ್ ನಾಲ್ವರು ಪ್ರೊ ವಿಶ್ವ ಪ್ರಶಸ್ತಿ ಗೆದ್ದರು. ಹೆನ್ರಿ ಟಿಲ್‌ಮನ್, ಟೈರೆಲ್ ಬಿಗ್ಸ್, ಸ್ಟೀವ್ ಮೆಕ್ರೋರಿ, ಜೆರಿ ಪೇಜ್, ಪಾಲ್ ಗೊನ್ಸಾಲೆಸ್ ಐವರಿಗೆ ದಕ್ಕಲಿಲ್ಲ. ಆ ಕೂಟದ ಅತ್ಯುತ್ತಮ ಬಾಕ್ಸರ್‌ಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿ ಯಾರಿಗೆ ಸಿಕ್ಕಿತ್ತು ಗೊತ್ತೆ? ಗೊನ್ಸಾಲೆಸ್‌ಗೆ. ದಕ್ಕದ ಐವರಲ್ಲಿ ಒಬ್ಬನಿಗೆ.

ಇನ್ನು ಚಿನ್ನ ತಪ್ಪಿಸಿಕೊಂಡ ಇಬ್ಬರು. ಬೆಳ್ಳಿಯ ವರ್ಜಿಲ್ ಹಿಲ್ ವಿಶ್ವ ಚಾಂಪಿಯನ್ ಆದ. ಕಂಚಿನವನು ಇವಾಂಡರ್ ಹೋಲಿಫೀಲ್ಡ್. ಸೆಮಿಫೈನಲ್‌ನಲ್ಲಿ ರೆಫರಿ ಬಿಡಿಸಿದ ಮೇಲೆ ಹೊಡೆದ ಎಂದು ಅನರ್ಹನಾದವನು, 1990ರಲ್ಲಿ ಹೆವಿವೇಟ್‌ನ ನಿರ್ವಿವಾದ ವಿಶ್ವ ಚಾಂಪಿಯನ್ ಆದ. ತಂಡಕ್ಕೆ ಆಯ್ಕೆಯೇ ಆಗದ ಇನ್ನೊಬ್ಬನಿದ್ದ. ಟಿಲ್‌ಮನ್ ಆಯ್ಕೆ ಸುತ್ತಿನಲ್ಲಿ ಸೋಲಿಸಿ ಮನೆಗೆ ಕಳಿಸಿದ್ದ ಹುಡುಗ, ಮೈಕ್ ಟೈಸನ್. 1986ರಲ್ಲಿ, 20ನೇ ವಯಸ್ಸಿಗೆ ಚಾಂಪಿಯನ್. 1990ರಲ್ಲಿ ಪ್ರೊ ರಿಂಗ್‌ನಲ್ಲಿ ಇಬ್ಬರೂ ಎದುರಾದಾಗ ಟಿಲ್‌ಮನ್ ಮೊದಲ ರೌಂಡ್ ದಾಟಲಿಲ್ಲ.

ಒಂಬತ್ತರಲ್ಲಿ ನಾಲ್ಕು ಎಂದರೆ ಕಡಿಮೆಯಲ್ಲ, ಅದನ್ನೂ ಹೇಳಬೇಕು. ಬೀದಿಯ ಜಿಮ್ಮಿನಿಂದ ನೇರ ಪ್ರೊ ಆದವನಿಗೆ ವಿಶ್ವ ಪ್ರಶಸ್ತಿ ಸಿಗುವ ಸಂಭವ ಸೊನ್ನೆಯ ಹತ್ತಿರ. ಪದಕ ಏನೋ ಹೇಳುತ್ತದೆ. ಆದರೆ ಪದಕದ ಬಣ್ಣ ಹೆಚ್ಚೇನೂ ಹೇಳುವುದಿಲ್ಲ. ಮತ್ತೆ ಇದೆಲ್ಲ ಒಲಿಂಪಿಕ್ಸ್ ಲೆಕ್ಕ, ಮಾಮಾ. ಕರ್ನಾಟಕ ಸ್ಟೇಟ್ ಗೋಲ್ಡ್‌ಗೆ ಇದನ್ನು ಹಚ್ಚಬೇಡಿ.

ಆಳಂದ_ಪೈಲ್ವಾನ:
ಮಾಸ್ತರ್ ಹೇಳಿದ್ದು ಬರೋಬ್ಬರ್ ಅದ. ನಮ್ಮ ಕುಸ್ತಿದಾಗ ಭೀ ಹಿಂಗೇ. ಜಾತ್ರಿ ಮಣ್ಣಿನ್ಯಾಗ ಹತ್ತು ಊರು ಗೆದ್ದ ಪೈಲ್ವಾನ ಮ್ಯಾಟ್ ಮ್ಯಾಲ ಹೋದ್ರ ಕಾಲೇಜ್ ಹುಡುಗನ ಕೈಯಾಗ ಪಾಯಿಂಟ್ ಕೊಟ್ಟು ಬರ್ತಾನ. ಅದೇ ಕಾಲೇಜ್ ಹುಡುಗನ್ನ ಮಣ್ಣಿಗಿ ಇಳಿಸ್ರಿ, ಅರ್ಧ ತಾಸಿನ್ಯಾಗ ಉಸಿರು ಹೋಗ್ತದ. ಎರಡೂ ಕುಸ್ತಿನೇ, ಆದ್ರ ಮೈ ಬ್ಯಾರೆ ಬೇಕು.

ರಿಂಗ್‌ಸೈಡ್_ಕಲಬುರಗಿ:
ನಾನು ಫೌಜಿನ್ಯಾಗ ಬಾಕ್ಸಿಂಗ್ ಆಡಿದಂವ, ಈಗ ಇಲ್ಲೇ ಸಂಜಿಗಿ ಹುಡುಗ್ರಿಗಿ ಕಲಿಸ್ತೀನಿ. ಮಾಮಾ ಅವರ ಅಳಿಯನ ಆಟ ನೋಡೀನಿ. ಕಾಲು ಮಸ್ತ್ ಅವ. ಅದೇ ಸ್ವಲ್ಪ ಚಿಂತಿ ಭೀ ಹೌದು. ಯಾಕಂತ ಹೇಳ್ತೀನಿ.

ಅಮೆಚೂರ್ ಅಂದ್ರ ಮೂರು ನಿಮಿಷದ ಮೂರು ರೌಂಡ್. ಅಷ್ಟರಾಗ ಐದು ಜಡ್ಜ್‌ಗಳ ಕಣ್ಣಿಗಿ ಬೀಳಂಗ ಹೊಡೀಬೇಕು. ಹಿಂಗಾಗಿ ಹುಡುಗ್ರು ಪಾದದ ತುದಿ ಮ್ಯಾಲೇ ಇರ್ತಾರ, ಒಳಗ ಹೊಕ್ಕು ಟಕ್ ಟಕ್ ಅಂತ ಎರಡು ಕೊಟ್ಟು ಹೊರಗ ಬಂದುಬಿಡ್ತಾರ. ಹೊಟ್ಟಿಗಿ ಹೊಡ್ಯೋದು ಕಮ್ಮಿ. ಪಕ್ಕೆಲುಬಿಗಿ ಕೊಟ್ಟ ಏಟಿನ ಫಲ ಐದನೇ, ಆರನೇ ರೌಂಡಿನ್ಯಾಗ ಬರ್ತದ. ಅಮೆಚೂರ್‌ದಾಗ ಆ ರೌಂಡೇ ಇರಂಗಿಲ್ಲ, ಮತ್ಯಾಕ ಹೊಡೀತಾರ? ಪ್ರೊದಾಗ ನಾಲ್ಕರಿಂದ ಸುರು ಆಗಿ ಆರು, ಎಂಟು, ಹತ್ತು, ವಿಶ್ವ ಪ್ರಶಸ್ತಿಗಿ ಹನ್ನೆರಡು.

ತೂಕದ್ದು ಇನ್ನೂ ದೊಡ್ಡ ಫರಕ್. ಅಮೆಚೂರ್‌ದಾಗ ಆಟ ಇದ್ದ ದಿನ ಮುಂಜಾನಿ ತೂಕ, ಟೂರ್ನಮೆಂಟ್ ಮುಗಿಯೋತನ ಅದೇ ತೂಕದಾಗ ಇರ್ಬೇಕು. ಪ್ರೊದಾಗ ಹಿಂದಿನ ದಿನ ತೂಕ. ತಕ್ಕಡಿ ಇಳಿದ ಮ್ಯಾಲ ನೀರು, ಅನ್ನ, ಗ್ಲೂಕೋಸ್, ಮರುದಿನ ರಾತ್ರಿ ಅಂವ ಬ್ಯಾರೆ ಮನಷ್ಯಾನೇ ಆಗಿ ಬರ್ತಾನ. ಲೊಮಾಚೆಂಕೊ ಅಂತ ಉಕ್ರೇನ್‌ದಂವ, 2008 ಮತ್ತ 2012 ಎರಡೂ ಒಲಿಂಪಿಕ್ ಚಿನ್ನ, ಅಮೆಚೂರ್‌ದಾಗ 396 ಗೆಲುವಿಗಿ ಒಂದೇ ಸೋಲು. 2014ರಾಗ ಅವನ ಎರಡನೇ ಪ್ರೊ ಫೈಟ್ ಒರ್ಲಾಂಡೊ ಸಲಿಡೊ ಜೋಡಿ. ಸಲಿಡೊ 126 ಪೌಂಡ್ ಮಿತಿ ಮುಟ್ಟಲೇ ಇಲ್ಲ, ಮ್ಯಾಲ ರಿಂಗ್‌ಗಿ ಬರೋದ್ರಾಗ ಇನ್ನೂ ದಪ್ಪ ಆಗಿದ್ದ. ಒಳಗ ಹೊಕ್ಕು ಸೊಂಟ, ತೊಡಿ, ಹೊಟ್ಟಿ ಎಲ್ಲಾ ಕಡಿ ಬಡದ, ಅಪ್ಪಿ ಹಿಡದ, ಭಾರ ಹಾಕ್ದ. ಲೊಮಾಚೆಂಕೊ ಸೋತ. ಮುಂದಿನ ಫೈಟಿಗೇ ವಿಶ್ವ ಪ್ರಶಸ್ತಿ ಬೆಲ್ಟ್ ಗೆದ್ದ ಅನ್ನೋದು ಬ್ಯಾರೆ. ಅಂಥಾ ಹುಡುಗನಿಗೇ ಆ ಪಾಠ ರಿಂಗಿನ್ಯಾಗೇ ಕಲಿಯೋ ಪಾಳಿ ಬಂತು.

ಗ್ಲೌಸ್ ಭೀ ನೋಡ್ರಿ. ನಿಮ್ಮ ಹುಡುಗನ ತೂಕಕ್ಕ ಅಮೆಚೂರ್‌ದಾಗ 10 ಔನ್ಸ್, ಪ್ರೊದಾಗ 8. ಹೆಡ್‌ಗಾರ್ಡ್ ಬಗ್ಗೆ ಎಲ್ಲರೂ ಕೇಳ್ತಾರ, ಅದು ಹಿರಿ ಗಂಡಸರಿಗಿ 2013ರಿಂದ ಅಮೆಚೂರ್‌ದಾಗ ಭೀ ಇಲ್ಲ. ಅದೇನು ಫರಕ್ ಅಲ್ಲ.

ಮಾಸ್ತರ್ ಹೇಳಿದ ಮೆಲ್ಡ್ರಿಕ್ ಟೇಲರ್ ಅದಾನಲ್ಲ, ಪೂರಾ ಹಕೀಕತ್ ಅವನ ಒಂದೇ ಫೈಟಿನ್ಯಾಗ ಅದ. 1990ರ ಮಾರ್ಚ್, ಎದುರಿಗಿ ಮೆಕ್ಸಿಕೊದ ಹುಲಿಯೊ ಸೀಸರ್ ಚಾವೆಸ್, ಒಲಿಂಪಿಕ್ ಮಾರಿ ನೋಡದಂವ. ಟೇಲರ್ ಕೈ ಕಾಣದಂಗ ಹೊಡೀತಿದ್ದ, ಮೂರರಾಗ ಇಬ್ರು ಜಡ್ಜ್‌ಗಳ ಕಾಗದದಾಗ ಬಹಳ ಮುಂದಿದ್ದ. ಆದ್ರ ಚಾವೆಸ್‌ನ ಒಂದೊಂದು ಏಟು ಎಲುಬಿನತನ ಇಳೀತಿತ್ತು. ಟೇಲರ್‌ನ ಮಾರಿ ಉಬ್ಬಿತ್ತು, ರಕ್ತ ನುಂಗ್ಲಿಕತ್ತಿದ್ದ. ಹನ್ನೆರಡನೇ ರೌಂಡಿನ ಕೊನಿಗಿ ಬಿದ್ದ, ಎದ್ದ, ರೆಫರಿ ಕೇಳಿದ್ದಕ್ಕ ಜವಾಬ್ ಕೊಡ್ಲಿಲ್ಲ, ಫೈಟ್ ನಿಲ್ಸಿದ್ರು. ಎರಡು ಸೆಕೆಂಡ್ ಉಳಿದಿತ್ತು. ಆ ಎರಡು ಸೆಕೆಂಡ್ ಕಳದಿದ್ರ ಟೇಲರ್ ಗೆದ್ದಂಗೇ. ಹೊಡ್ತ ಎಣಿಸಿದ್ರ ಟೇಲರ್, ಹೊಡ್ತ ತೂಗಿದ್ರ ಚಾವೆಸ್. ನಿಲ್ಸಿದ್ದು ತಪ್ಪೋ ಒಪ್ಪೋ ಇವತ್ತಿಗೂ ಜಗಳ ಅದ. ನನಗ ಕೇಳಿದ್ರ ನಿಲ್ಸಿದ್ದೇ ಛಲೋ ಆತು.

ನಾಕೌಟ್_ಶಹಾಬಾದ್:
ಅಮೆರಿಕದ ಸುದ್ದಿ ಬಿಡ್ರಿ ಸರ್. ನಮ್ಮ ವಿಜೇಂದರ್? 2008 ಬೀಜಿಂಗ್ ಕಂಚು, 2015ರಾಗ ಪ್ರೊ, ಮೊದಲನೇ ಹನ್ನೆರಡು ಫೈಟ್ ಸಾಲಾಗಿ ಗೆದ್ದ. 2016ರಾಗ ದಿಲ್ಲಿದಾಗ ಕೆರಿ ಹೋಪ್‌ನ ಸೋಲ್ಸಿ ಡಬ್ಲ್ಯೂಬಿಒ ಅನ್ನೋ ಪ್ರೊ ಸಂಸ್ಥೆದ ಏಷ್ಯಾ ಪೆಸಿಫಿಕ್ ಬೆಲ್ಟ್. ಪ್ರೊದಾಗ ನಡೀಲಿಲ್ಲ ಅಂತ ಯಾರು ಹೇಳ್ತಾರ?

ರಿಂಗ್‌ಸೈಡ್_ಕಲಬುರಗಿ:
ವಿಜೇಂದರ್ ಬಗ್ಗೆ ನನಗ ಬಹಳ ಮರ್ಯಾದಿ ಅದ. ಆದ್ರ ಪ್ರೊ ಆದಾಗ ಅವನಿಗಿ ಮೂವತ್ತು ಮುಟ್ಲಿಕತ್ತಿತ್ತು. ಬ್ರಿಟನ್ನಿನ ದೊಡ್ಡ ಪ್ರಮೋಟರ್ ಹಿಂದಿದ್ರು. ಹಂಗಿರೋ ಹುಡುಗನಿಗಿ ಸುರುವಾತಿನ ಎದುರಾಳಿಗಳನ್ನ ನೋಡಿ ನೋಡಿ ಆರಿಸ್ತಾರ, ಅದು ಧಂಧೆದ ರೀತಿ, ತಪ್ಪಲ್ಲ. ಹನ್ನೆರಡಕ್ಕ ಹನ್ನೆರಡು ಅಂದ್ರ ಒಳಗ ಅದು ಭೀ ಇರ್ತದ. ಹದಿಮೂರನೇದು 2021ರ ಮಾರ್ಚ್‌ದಾಗ, ಗೋವಾದ ಕ್ಯಾಸಿನೊ ಹಡಗಿನ ಮ್ಯಾಲ, ರಷ್ಯಾದ ಆರ್ತಿಶ್ ಲೊಪ್ಸಾನ್ ನಿಲ್ಸಿಬಿಟ್ಟ. ವಿಶ್ವ ಪ್ರಶಸ್ತಿ ಫೈಟ್ ತನ ಹೋಗ್ಲೇ ಇಲ್ಲ. ಪದಕ ಅವನಿಗಿ ಬಾಗಿಲು ತೆಗದು ಕೊಡ್ತು, ವಯಸ್ಸು ಬಾಗಿಲು ಹಾಕ್ತು. ನಿಮ್ಮ ಹುಡುಗನದು ಉಲ್ಟಾ, ವಯಸ್ಸು ಅದ, ಬಾಗಿಲು ತೆಗಿಯೋ ಅಷ್ಟು ಪದಕ ಇಲ್ಲ.

ಯಾದಗಿರಿ_ಲೆಕ್ಕದ_ಮೇಷ್ಟ್ರು:
ಕೋಚ್ ಸರ್ ಹೇಳಿದ ಎದುರಾಳಿ ಆಯ್ಕೆಯ ಮಾತು ಲೆಕ್ಕಕ್ಕೂ ಮುಖ್ಯ. ಪದಕ ಇದ್ದವನಿಗೆ ದುಡ್ಡು, ಒಳ್ಳೆಯ ಮೂಲೆ, ಸುಲಭದ ಮೊದಲ ಹತ್ತು ಫೈಟು ಸಿಗುತ್ತವೆ. ಪದಕ ಇಲ್ಲದವನನ್ನು ಆ ಸುಲಭದ ಫೈಟಿನ ಎದುರಾಳಿಯಾಗಿ ಕರೆಸುತ್ತಾರೆ. ಆಮೇಲೆ ಇಬ್ಬರ ದಾಖಲೆ ಪಕ್ಕದಲ್ಲಿಟ್ಟು ನೋಡಿ ಪದಕದವನೇ ಮೇಲು ಎನ್ನುವುದು ನ್ಯಾಯವಲ್ಲ. ಮಾಮಾ, ನಿಮ್ಮ ಹುಡುಗನನ್ನು ರಿಂಗಿನ ಯಾವ ಮೂಲೆಗೆ, ಗೆಲ್ಲಿಸಬೇಕಾದವನ ಮೂಲೆಗೋ ಸುಲಭದ ಎದುರಾಳಿಯ ಮೂಲೆಗೋ, ಕರೆಯುತ್ತಿದ್ದಾರೆ ಎಂದು ಮೊದಲು ವಿಚಾರಿಸಿ.

ಇನ್ನೊಂದು. ಪ್ರೊ ಎಂದರೆ ಅಮೆಚೂರ್‌ಗಿಂತ ಮೇಲಿನ ತರಗತಿ ಎಂಬ ಗ್ರಹಿಕೆ ಇಲ್ಲಿ ಎಲ್ಲರಲ್ಲೂ ಕಾಣುತ್ತಿದೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲ ಸಲ ಪ್ರೊಗಳನ್ನು ಬಿಟ್ಟರು. ಅರ್ಹತೆ ಪಡೆದು ಬಂದವರು ಮೂವರು: ಕ್ಯಾಮರೂನಿನ ಹಸನ್ ಎನ್‌ಡಾಮ್, ಥಾಯ್ಲೆಂಡಿನ ಅಮ್ನಾತ್ ರುಯೆನ್‌ರೋಂಗ್, ಇಟಲಿಯ ಕಾರ್ಮಿನೆ ತೊಮಾಸೋನೆ. ಮೊದಲಿಬ್ಬರು ಮಾಜಿ ವಿಶ್ವ ಚಾಂಪಿಯನ್ನರು. ಮೂವರಿಗೂ ಪದಕ ಇಲ್ಲ. ನಮ್ಮ ವಿಕಾಸ್ ಕೃಷ್ಣನ್ ಅಮೆರಿಕದಲ್ಲಿ ಪ್ರೊ ಆಗಿ ಎರಡು ಫೈಟ್ ಗೆದ್ದು, ವಾಪಸ್ ಬಂದು ಟೋಕಿಯೊಗೆ ಅರ್ಹತೆ ಪಡೆದ. ಅಲ್ಲಿ ಮೊದಲ ಬೌಟಿನಲ್ಲೇ ಸೋತ.

ಬೀದರ್_ಸೌತ್‌ಪಾ:
ಎಲ್ಲಾ ಅಣ್ಣಂದಿರೂ ಗಂಡಸರದೇ ಮಾತಾಡ್ಲಿಕತ್ತೀರಿ. ನಾನು ಯೂನಿವರ್ಸಿಟಿಗಿ ಆಡ್ತೀನಿ, ಅದಕ್ಕ ಹೇಳ್ತೀನಿ. ಹೆಣ್ಮಕ್ಕಳ ಕಡಿ ಈ ಲೆಕ್ಕ ಬಹಳ ನೆಟ್ಟಗದ. ಐರ್ಲೆಂಡಿನ ಕೇಟಿ ಟೇಲರ್ 2012ರ ಚಿನ್ನ, 2019ರಾಗ ಲೈಟ್‌ವೇಟ್‌ನ ನಾಲ್ಕೂ ವಿಶ್ವ ಬೆಲ್ಟ್. ಅಮೆರಿಕದ ಕ್ಲರೆಸ್ಸಾ ಶೀಲ್ಡ್ಸ್ 2012, 2016 ಎರಡೂ ಚಿನ್ನ, ಪ್ರೊದಾಗ ಒಂದಲ್ಲ, ಹಲವು ತೂಕದಾಗ ಚಾಂಪಿಯನ್. ಅದರಾಗ ಹೆಣ್ಮಕ್ಕಳ ಪ್ರೊದಾಗ ರೌಂಡ್ ಬಹುತೇಕ ಎರಡೇ ನಿಮಿಷದ್ದು, ಹೆಚ್ಚಾಗಿ ಹತ್ತರ ಒಳಗ. ಅಮೆಚೂರ್‌ದಾಗ ನಾವು ಈಗ ಮೂರು ನಿಮಿಷದ್ದೇ ಆಡ್ತೀವಿ. ಅಂದ್ರ ಪ್ರೊ ಆದ್ರ ರೌಂಡ್ ಸಣ್ಣದಾಗ್ತದ! ಕೈ ಚುರುಕಿದ್ದವರಿಗಿ ಅದೇ ಛಲೋ. ಜೊತಿಗಿ ಪ್ರೊದಾಗ ಹೆಣ್ಮಕ್ಕಳೇ ಕಮ್ಮಿ, ಅಮೆಚೂರ್‌ದಾಗ ಮ್ಯಾಲಿದ್ದವರು ಅಲ್ಲಿ ಭೀ ಮ್ಯಾಲೇ ಇರ್ತಾರ.

ಖರೇ ಹೇಳ್ಬೇಕಂದ್ರ ನಮ್ಮ ಕಡಿ ಪ್ರೊ ಅನ್ನೋದು ಯಾರ ತಲ್ಯಾಗೂ ಇಲ್ಲ. ನಮಗ ಹತ್ತಿರದ ನಿಜಾಮಾಬಾದ್‌ದ ನಿಖತ್ ಜರೀನ್ 2022, 2023 ಎರಡೂ ಸಲ ವಿಶ್ವ ಚಾಂಪಿಯನ್ ಆದ್ರು, ಈಗ ತೆಲಂಗಾಣ ಪೊಲೀಸ್‌ನಾಗ ಡಿಎಸ್‌ಪಿ. ನಮ್ಮನಿಯಾಗ ಅವ್ವ ತೋರ್ಸೋದು ಬೆಲ್ಟ್ ಹಾಕ್ಕೊಂಡ ಫೋಟೊ ಅಲ್ಲ, ಖಾಕಿ ಫೋಟೊ. ಇಲ್ಲಿ ಅಮೆಚೂರ್ ಬಾಕ್ಸಿಂಗೇ ನೌಕ್ರಿ ದಾರಿ.

ಸೂಪರ್‌ಮಾರ್ಕೆಟ್_ವಕೀಲ:
ಬಾಕ್ಸಿಂಗ್ ನನಗ ಗೊತ್ತಿಲ್ಲ, ಅಗ್ರಿಮೆಂಟ್ ಗೊತ್ತು. ಮೂರು ವರ್ಷ ಅಂತ ಬರದು ವರ್ಷಕ್ಕ ಎಷ್ಟು ಫೈಟ್ ಅಂತ ಬರೀದಿದ್ರ ಅದು ಕಟ್ಟಿ ಹಾಕೋ ಕಾಗದ. ಅವರು ಒಂದೂ ಫೈಟ್ ಕೊಡದೇ ಕೂಡಿಸಬಹುದು, ಇಂವ ಬ್ಯಾರೆ ಕಡಿ ಹೋಗಂಗಿಲ್ಲ. ಗಾಯ ಆದ್ರ ದವಾಖಾನಿ ಖರ್ಚು ಯಾರದು, ತಲಿ ಸ್ಕ್ಯಾನ್ ಯಾರು ಮಾಡಸ್ತಾರ, ಇನ್ಶೂರೆನ್ಸ್ ಅದನೋ ಇಲ್ಲೋ, ಹೋಗಿ ಬರೋ ಖರ್ಚು ಪರ್ಸಿನ್ಯಾಗ, ಅಂದ್ರ ಫೈಟಿಗಿ ಕೊಡೋ ರೊಕ್ಕದಾಗ, ಮುರಕೋತಾರೇನು, ಟಿಕೆಟ್ ಇವನೇ ಮಾರ್ಬೇಕೇನು. ಇಷ್ಟು ಕೇಳಿ ಬರವಣಿಗಿದಾಗ ತರ್ಸ್ರಿ. ಫೋನಿನ್ಯಾಗ ಹೇಳಿದ್ದು ಲೆಕ್ಕಕ್ಕಿಲ್ಲ.

ಆಳಂದ_ಪೈಲ್ವಾನ:
ಟಿಕೆಟ್ ಇಂವ ಮಾರೋದಾ? ನಮ್ಮ ಜಾತ್ರ್ಯಾಗ ಪೈಲ್ವಾನಗ ಊಟ ಹಾಕಿ, ಪಟಕ ಸುತ್ತಿ, ರೊಕ್ಕ ಕೊಟ್ಟು ಕಳಸ್ತೀವಿ. ಇದ್ಯಾವ ಸೀಮಿ ಧಂಧೆ.

63.5:
ಮಾಮಾ, ರೇನ್‌ಕೋಟ್ ಸುದ್ದಿ ಓದಿದ ಕೂಡ್ಲೇ ಇದು ನೀವೇ ಅಂತ ಗೊತ್ತಾತು.

ಎಲ್ಲಾ ಓದ್ದೆ. ನಾನು ಟೈಸನ್ ಆಗ್ತೀನಿ ಅಂತ ಎಲ್ಲೂ ಹೇಳಿಲ್ಲ. ನನ್ನ ಸೀನಿಯರ್ ಒಬ್ರು ಇದೇ ಕೋಟಾದಾಗ ಭರ್ತಿ ಆದ್ರು. ಟ್ರೇನಿಂಗ್ ಮುಗಿದ ಮ್ಯಾಲ ಗಣೇಶ ಬಂದೋಬಸ್ತ್, ಎಲೆಕ್ಷನ್ ಬಂದೋಬಸ್ತ್, ನೈಟ್ ಬೀಟ್. ಅವರ ಗ್ಲೌಸ್ ಈಗ ನನ್ನ ಬಲ್ಲಿ ಅವ. ನ್ಯಾಷನಲ್ಸ್‌ನಾಗ ನನಗ ಮೊದಲನೇ ರೌಂಡಿಗೇ ಸರ್ವಿಸಸ್ ಅಂದ್ರ ಫೌಜಿನ ಟೀಮಿನ ಹುಡುಗ ಸಿಕ್ಕ, ಸೋತೆ. ಹರಿಯಾಣದವರು, ಸರ್ವಿಸಸ್‌ದವರು ಇರೋತನ ಇಂಡಿಯಾ ಕ್ಯಾಂಪ್ ಕಷ್ಟ ಅಂತ ನನಗ ಗೊತ್ತದ. ನಿಶಾಂತ್ ದೇವ್ ನಮ್ಮ ಬಳ್ಳಾರಿ ಕಡಿ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ದಾಗ 2021ರ ನ್ಯಾಷನಲ್ಸ್ ಗೆದ್ರು, 2023ರಾಗ ವಿಶ್ವ ಚಾಂಪಿಯನ್‌ಶಿಪ್ ಕಂಚು, ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, 2025ರ ಜನವರಿದಾಗ ಲಾಸ್ ವೇಗಸ್‌ನಾಗ ಪ್ರೊ. ಅವರ ದಾರಿ ನಂದಲ್ಲ. ಅದು ತಿಳದೇ ಕೇಳ್ಲಿಕತ್ತೀನಿ: ಅಮೆಚೂರ್‌ದಾಗ ಮ್ಯಾಲ ಹೋಗದಂವ ಪ್ರೊದಾಗ ಹೋಗೇ ಇಲ್ಲೇನು?

ಯಾದಗಿರಿ_ಲೆಕ್ಕದ_ಮೇಷ್ಟ್ರು:
ಹೋಗಿದ್ದಾರೆ ತಮ್ಮಾ. ಫಿಲಿಪ್ಪೀನ್ಸ್‌ನ ಪಕ್ವಿಯಾವೊ ಒಲಿಂಪಿಕ್ಸ್ ಮುಟ್ಟಲೇ ಇಲ್ಲ, 16ನೇ ವಯಸ್ಸಿಗೆ ಪ್ರೊ ಆದ. ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ಮೊದಲ ಪ್ರೊ ಫೈಟೇ ಸೋತು, ಮುಂದೆ ವರ್ಷಗಟ್ಟಲೆ ಮಿಡಲ್‌ವೇಟ್ ಆಳಿದ. ಆದರೆ ಅವರಿದ್ದ ಊರುಗಳಲ್ಲಿ ವಾರವಾರ ಫೈಟ್ ನಡೆಯುತ್ತಿತ್ತು, ಸೋತು ಕಲಿಯಲು ಜಾಗ ಇತ್ತು. ಕಲಬುರಗಿಯಲ್ಲಿ ಕೂತು ವರ್ಷಕ್ಕೊಂದು ಫೈಟ್ ಸಿಕ್ಕರೆ ಆ ದಾರಿ ಇಲ್ಲ.

ರಿಂಗ್‌ಸೈಡ್_ಕಲಬುರಗಿ:
ತಮ್ಮಾ, ಮಾತು ಸಾಕು. ಐತವಾರ ಸಂಜಿಗಿ ಬಾ. ಆರು ರೌಂಡ್ ಸ್ಪಾರಿಂಗ್, ಅಂದ್ರ ಪ್ರಾಕ್ಟೀಸ್ ಫೈಟ್, ಮಾಡಸ್ತೀನಿ, ಎದುರಿಗಿ 70 ಕಿಲೋದಂವ. ಹಿಂದಿನ ದಿನ ತೂಕ ಇಳಿಸಿ, ಮತ್ತ ತಿಂದು ಬಾ, ಪ್ರೊ ಮಾಡ್ದಂಗ.

ನಾಕೌಟ್_ಶಹಾಬಾದ್:
ಐತವಾರದ್ದು ಏನಾತು? ಯಾರೂ ಏನೂ ಹಾಕಿಲ್ಲ.

ರಿಂಗ್‌ಸೈಡ್_ಕಲಬುರಗಿ:
ಆತು. ಮೊದಲ ಮೂರು ರೌಂಡ್ ಈ ಹುಡುಗಂದೇ. 70 ಕಿಲೋದಂವಗ ಮುಟ್ಲಿಕ್ಕೇ ಬಿಡ್ಲಿಲ್ಲ. ಮೂರನೇ ಗಂಟಿ ಹೊಡದ ಕೂಡ್ಲೇ ಇಂವ ಮೌತ್‌ಗಾರ್ಡ್ ತೆಗದ, ರೂಢಿಲೇ, ಆಟ ಮುಗೀತು ಅನ್ನಂಗ. ಮತ್ತ ಹಾಕ್ಕೋ ಅಂದೆ.

ನಾಲ್ಕನೇದ್ರಾಗ ಆ ಪೋರ ಹಗ್ಗಕ್ಕ ಒತ್ತಿ ಎಡ ಪಕ್ಕೆಲುಬಿನ ಕೆಳಗ ಒಂದು ಕೊಟ್ಟ. ಇವನ ಮೊಣಕೈ ತಾನಾಗೇ ಕೆಳಗ ಬಂತು, ಅಲ್ಲಿಂದ ಗದ್ದ ಖಾಲಿ. ಐದನೇದ್ರಾಗ ಕಾಲು ನಿಂತ್ವು. ಆದ್ರ ಬೀಳ್ಲಿಲ್ಲ, ಬೆನ್ನು ತಿರಗಿಸ್ಲಿಲ್ಲ. ಆರನೇದ್ರಾಗ ಓಡೋದು ಬಿಟ್ಟು ತಲಿ ಅವನ ಎದಿಗಿ ಹಚ್ಚಿ, ಒಳಗಿಂದ ಸಣ್ಣ ಸಣ್ಣ ಏಟು ಕೊಡ್ಲಿಕತ್ತ. ಅದು ಯಾರೂ ಕಲಿಸಿದ್ದಲ್ಲ. ಅದನ್ನ ನೋಡಿ ಖುಷಿ ಆತು. ಒಳಗಿನ ಆಟ, ಹೊಟ್ಟಿ, ಕೊರಳು, ಈ ಮೂರೂ ತಯಾರಿ ಆಗ್ಲಿಕ್ಕಿ ಟೈಮ್ ಬೇಕು. ಈಗಿಂದೀಗ ನಾಲ್ಕು ರೌಂಡ್ ಗೆಲ್ಲಬಹುದು, ಎಂಟು ರೌಂಡ್ ಗೆಲ್ಲಂಗಿಲ್ಲ.

ಸೇಡಂರೋಡ್_ಮಾಮಾ:
ವಕೀಲರು ಹೇಳಿದ ಎಲ್ಲಾ ಕೇಳಿದ್ವಿ. ವರ್ಷಕ್ಕ ಎಷ್ಟು ಫೈಟ್ ಅನ್ನೋದು ಬರದು ಕೊಡಂಗಿಲ್ಲ ಅಂದ್ರು. ಎದುರಾಳಿ ಹೆಸರು ಕೇಳಿದ್ದಕ್ಕ, ಅಂವ ಅಲ್ಲಿನ ಊರ ಹುಡುಗ, ನಿಮ್ಮವ ಬಂದು ಛಲೋ ಫೈಟ್ ಕೊಟ್ರ ಸಾಕು ಅಂದ್ರು. ಮಾಸ್ತರ್ ಹೇಳಿದ ಮೂಲಿ ಯಾವುದು ಅಂತ ನನಗ ಅಲ್ಲೇ ತಿಳೀತು. ಹುಡುಗ ತಾನೇ ಬ್ಯಾಡ ಅಂದ. ಭರ್ತಿ ಅರ್ಜಿ ಹಾಕ್ಯಾನ, ಆದ್ರ ಪ್ರೊ ಆಸಿ ಬಿಟ್ಟಿಲ್ಲ, ಸಂಜಿಗಿ ರಿಂಗ್‌ಸೈಡ್ ಸರ್ ಬಲ್ಲಿ ಹೋಗ್ಲಿಕತ್ತಾನ. ನನ್ನದೊಂದು ಕೇಳೋದದ: ಪೊಲೀಸ್ ಆದ ಮ್ಯಾಲ ಪ್ರೊ ಆಡ್ಲಿಕ್ಕಿ ಬಿಡ್ತಾರೇನು?

ಯಾದಗಿರಿ_ಲೆಕ್ಕದ_ಮೇಷ್ಟ್ರು:
ವಿಜೇಂದರ್ ಪ್ರೊ ಆದದ್ದೇ ಹರಿಯಾಣ ಪೊಲೀಸ್‌ನಲ್ಲಿ ಡಿಎಸ್‌ಪಿ ಆಗಿದ್ದಾಗ. ನೌಕರಿಯಲ್ಲಿದ್ದು ದುಡ್ಡಿಗೆ ಆಡಬಹುದೇ ಎಂಬ ಮಾತು ಹೈಕೋರ್ಟ್‌ವರೆಗೂ ಹೋಗಿತ್ತು. ಆಮೇಲೂ ಆಡಿದರು.

ಸೂಪರ್‌ಮಾರ್ಕೆಟ್_ವಕೀಲ:
ಅಂವ ಒಲಿಂಪಿಕ್ ಪದಕದ ಡಿಎಸ್‌ಪಿ, ಇಂವ ಹೊಸಾ ಕಾನ್‌ಸ್ಟೇಬಲ್. ಪರ್ಸ್ ಅಂದ್ರ ಸಂಬಳದ ಹೊರಗಿನ ರೊಕ್ಕ, ಇಲಾಖೆಯಿಂದ ಲಿಖಿತ ಅನುಮತಿ ಇಲ್ಲದೇ ಒಂದು ರೂಪಾಯಿ ಮುಟ್ಟೋಹಂಗಿಲ್ಲ. ಪ್ರೊಬೇಷನ್ ಮುಗಿಯೋತನ ಅರ್ಜಿ ಭೀ ಕೊಡಬ್ಯಾಡ್ರಿ. ಮುಗಿದ ಮ್ಯಾಲ ನನ್ನ ಬಲ್ಲಿ ಕಳಸ್ರಿ, ಡ್ರಾಫ್ಟ್ ನಾನು ಮಾಡಿ ಕೊಡ್ತೀನಿ.